ಕೌದಿಯ ಅಂಚು: ಮಿಷನ್ ಹೊಲಿಗೆಯಲ್ಲಿ ಪಟ್ಟಿ ಕೂರಿಸುವ ಕ್ರಮ

(ಹಾಸನದಲ್ಲಿ ಹೊಲಿಗೆ ಕಲಿಯುತ್ತಿರುವವರ ಮತ್ತು ಮನೆಯಲ್ಲೇ ಕೌದಿ ಹೊಲಿಯುವವರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ, ಕಲಿಯುವ ಆಸೆಯಿಂದ ಬಂದಿರುವ ಎಲ್ಲರಿಗೂ ನಮಸ್ಕಾರ.

ಕೌದಿ ಮೊದಲು ಹರಿಯುವುದು ಅಂಚಿನಲ್ಲಿ. ಹಲವು ವರ್ಷ ಬಳಸಿದ ಯಾವುದೇ ಕೌದಿಯನ್ನು ಬೆಳಕಿನಲ್ಲಿ ಹರಡಿ ನೋಡಿ. ನಡುವಿನ ತುಂಡುಗಳ ಬಣ್ಣ ಮಾಸಿರಬಹುದು, ಆದರೆ ಬಟ್ಟೆ ಇನ್ನೂ ಹಿಡಿತದಲ್ಲಿರುತ್ತದೆ. ಸುತ್ತಲಿನ ಮಡಿಕೆ ಮಾತ್ರ ಎಳೆ ಬಿಟ್ಟು, ಒಳಗಿನ ಹತ್ತಿಯೋ ಹಳೆಯ ಸೀರೆಯ ಪದರವೋ ಹೊರಗೆ ಇಣುಕುತ್ತಿರುತ್ತದೆ. ಇದಕ್ಕೆ ಕಾರಣ ದಿನನಿತ್ಯದ ಬಳಕೆಯಲ್ಲೇ ಇದೆ. ಹೊದ್ದುಕೊಳ್ಳುವಾಗ ನಾವು ಎಳೆಯುವುದು ಅಂಚನ್ನು, ಒಗೆದ ಮೇಲೆ ಹಿಂಡಲು ಹಿಡಿಯುವುದು ಅಂಚನ್ನು, ಮಂಚದಿಂದ ಜಾರಿ ನೆಲಕ್ಕೆ ಉಜ್ಜುವುದೂ ಅಂಚೇ. ಗದ್ದೆಗೆ ಬದು ಹೇಗೋ ಕೌದಿಗೆ ಅಂಚು ಹಾಗೆ. ಒಳಗಿರುವುದನ್ನೆಲ್ಲ ಒಳಗೇ ಹಿಡಿದಿಡುವ ಕೆಲಸ ಅದರದು. ಹೀಗಿದ್ದರೂ ತುಂಡು ಜೋಡಿಸುವುದಕ್ಕೆ ತಿಂಗಳುಗಟ್ಟಲೆ ಶ್ರಮಪಟ್ಟವರು ಕೊನೆಯ ಪಟ್ಟಿಯನ್ನು ಒಂದು ಸಂಜೆಯಲ್ಲಿ, ಉಳಿದ ಬಟ್ಟೆಯಲ್ಲಿ, ಹೇಗೋ ಮುಗಿಸಿಬಿಡುತ್ತಾರೆ. ಅಂಚುಪಟ್ಟಿಯ ಎರಡನೆಯ ಹೊಲಿಗೆ ಎಲ್ಲಿ ಬೀಳಬೇಕೆಂಬುದನ್ನು ಪಟ್ಟಿ ಕತ್ತರಿಸುವ ಮುನ್ನವೇ ನಿರ್ಧರಿಸಿಕೊಂಡರೆ, ಕಾಲಿನಿಂದ ತುಳಿಯುವ ಸಾಧಾರಣ ಯಂತ್ರದಲ್ಲೂ ಕೈಹೊಲಿಗೆಗೆ ಸಮನಾದ, ಬಾಳಿಕೆಯಲ್ಲಿ ಅದನ್ನು ಮೀರಿಸುವ ಅಂಚು ಸಾಧ್ಯವೆಂದು ತೋರಿಸುವುದು ಇಂದಿನ ನನ್ನ ಉದ್ದೇಶ.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ನಡೆದುಬಂದಿರುವ ಪದ್ಧತಿಯೆಂದರೆ ಅಡಿಬಟ್ಟೆಯನ್ನು ಸುತ್ತಲೂ ಒಂದೆರಡು ಇಂಚು ಹೆಚ್ಚಾಗಿ ಬಿಟ್ಟು, ಅದನ್ನೇ ಮೇಲಕ್ಕೆ ಎರಡು ಬಾರಿ ಮಡಿಸಿ ಹೊಲಿಯುವುದು. ಇದು ಸುಲಭ, ಬೇರೆ ಬಟ್ಟೆಯೂ ಬೇಡ. ಆದರೆ ಕೌದಿಯ ತುದಿಯನ್ನು ಸುತ್ತಿ ಬರುವ ಜಾಗದಲ್ಲಿ ಇಲ್ಲಿ ಒಂದೇ ಪದರ ಬಟ್ಟೆ ಇರುತ್ತದೆ, ಸವೆತವೆಲ್ಲ ಆ ಒಂದು ಪದರದ ಮೇಲೆ ಬೀಳುತ್ತದೆ. ಅದು ಹರಿದಾಗ ಹರಿಯುವುದು ಅಡಿಬಟ್ಟೆಯೇ ಆದ್ದರಿಂದ ಬದಲಾಯಿಸುವ ದಾರಿಯೂ ಇರುವುದಿಲ್ಲ. ದರ್ಜಿಗಳು ಬೈಂಡಿಂಗ್ ಎನ್ನುವ ಪ್ರತ್ಯೇಕ ಅಂಚುಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಿಸಿ ಹಾಕಿದರೆ ತುದಿಯಲ್ಲಿ ಎರಡು ಪದರ ಸಿಗುತ್ತದೆ. ಮೇಲಿನದು ಸವೆದರೂ ಒಳಗಿನದು ಕೆಲವು ಕಾಲ ತಡೆಯುತ್ತದೆ, ಎರಡೂ ಸವೆದರೆ ಪಟ್ಟಿಯನ್ನಷ್ಟೇ ಬಿಚ್ಚಿ ಹೊಸದನ್ನು ಹಾಕಬಹುದು. ಬಳಕೆಯ ಕೌದಿಗೆ ನಾನು ಶಿಫಾರಸು ಮಾಡುವುದು ಈ ಎರಡನೆಯ ಕ್ರಮವನ್ನೇ.

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರು ಇಲ್ಲಿ ಹಲವರಿದ್ದೀರಿ. ನಿಮಗೆ ಫೋಲ್ಡರ್ ಗೊತ್ತು. ಪಟ್ಟಿಯನ್ನು ಆ ತಗಡಿನ ಸುರುಳಿಯೊಳಗೆ ತೂರಿಸಿದರೆ ಅದು ತಾನೇ ಮಡಿಕೆಯಾಗಿ, ಬಟ್ಟೆಯ ಎರಡೂ ಕಡೆ ಕೂತು, ಒಂದೇ ಹೊಲಿಗೆಯಲ್ಲಿ ಮುಗಿಯುತ್ತದೆ. ಒಂದೇ ದಪ್ಪದ ಸಾಮಗ್ರಿಗೆ ಇದು ಒಳ್ಳೆಯ ವಿಧಾನ. ಕೌದಿಯ ದಪ್ಪ ಮಾತ್ರ ಒಂದೊಂದು ಕಡೆ ಒಂದೊಂದು ಬಗೆ. ತುಂಡುಗಳ ಜೋಡಣೆ ಬಂದಲ್ಲಿ ಉಬ್ಬು, ಬರೀ ಬಟ್ಟೆಯಿದ್ದಲ್ಲಿ ತಗ್ಗು. ಉಬ್ಬು ಬಂದಾಗ ಫೋಲ್ಡರಿನ ಅಡಿಮಡಿಕೆ ಹೊಲಿಗೆಗೆ ಸಿಗದೆ ಜಾರುತ್ತದೆ, ಮೂಲೆಯನ್ನು ಅಚ್ಚುಕಟ್ಟಾಗಿ ಮಡಿಸಲೂ ಅವಕಾಶವಿರುವುದಿಲ್ಲ. ಆದ್ದರಿಂದ ಮನೆಯ ಕೌದಿಗೆ ಎರಡು ಸುತ್ತಿನ ಹೊಲಿಗೆಯೇ ಸರಿ: ಮೊದಲ ಸುತ್ತಿನಲ್ಲಿ ಪಟ್ಟಿಯನ್ನು ಕೌದಿಗೆ ಸೇರಿಸುವುದು, ಎರಡನೆಯ ಸುತ್ತಿನಲ್ಲಿ ಅದನ್ನು ತುದಿ ದಾಟಿಸಿ ಮತ್ತೊಂದು ಮುಖದ ಮೇಲೆ ಕೂರಿಸುವುದು.

ಪಟ್ಟಿಯ ಬಟ್ಟೆ ಹತ್ತಿಯದೇ ಆಗಿರಲಿ. ಪಾಪ್ಲಿನ್ ಅಥವಾ ಅದೇ ತೂಕದ ಒತ್ತು ನೇಯ್ಗೆಯ ಬಟ್ಟೆ ಇಸ್ತ್ರಿಯ ಮಡಿಕೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಸ್ಯಾಟಿನ್ ಕಣ್ಣಿಗೆ ಹೊಳೆದರೂ ಮಡಿಕೆ ನಿಲ್ಲುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ. ಹೊಸ ಬಟ್ಟೆಯನ್ನು ಒಗೆಯದೆ ಪಟ್ಟಿ ಕತ್ತರಿಸಬೇಡಿ. ಕೌದಿಯೊಳಗಿನ ಹಳೆಯ ಸೀರೆ ಪಂಚೆಗಳು ನೂರಾರು ಸಲ ನೀರು ಕಂಡು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿರುತ್ತವೆ. ಅವುಗಳ ಸುತ್ತ ಇನ್ನೂ ಕುಗ್ಗದಿರುವ ಹೊಸ ಪಟ್ಟಿ ಕೂರಿಸಿದರೆ ಮೊದಲ ಒಗೆತದಲ್ಲೇ ಪಟ್ಟಿ ಬಿಗಿಯಾಗಿ, ಕೌದಿಯ ಅಂಚೆಲ್ಲ ಸುಕ್ಕುಗಟ್ಟುತ್ತದೆ. ಕೆಂಪು, ಕಡುನೀಲಿ, ಮರೂನ್ ಬಣ್ಣಗಳಾದರೆ ಒದ್ದೆ ಮಾಡಿದ ಬಿಳಿ ಬಟ್ಟೆಯ ಚೂರಿನಿಂದ ಉಜ್ಜಿ, ಬಣ್ಣ ಬಿಡುವುದೇ ಎಂದು ನೋಡಿಕೊಳ್ಳಬೇಕು.

ಮಲೆನಾಡಿನ ಕಡೆಯಿಂದ ಬಂದವರಿಗೆ ಇಲ್ಲೊಂದು ಮಾತು. ಅರಸೀಕೆರೆ, ಕಡೂರಿನ ಬಿಸಿಲಿಗೆ ಕೌದಿ ಒಂದೇ ದಿನದಲ್ಲಿ ಒಣಗಬಹುದು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮಳೆಗಾಲದಲ್ಲಿ ಹಾಗಲ್ಲ. ಅಲ್ಲಿ ಕೊನೆಯವರೆಗೂ ಒದ್ದೆಯಾಗಿ ಉಳಿಯುವುದು ಅಂಚೇ, ಏಕೆಂದರೆ ಇಡೀ ಕೌದಿಯಲ್ಲಿ ಅತಿ ಹೆಚ್ಚು ಪದರಗಳಿರುವುದು ಅಲ್ಲಿ. ಮೇಲ್ಬಟ್ಟೆ, ಒಳಪದರ, ಅಡಿಬಟ್ಟೆ ಸೇರಿ ಮೂರು, ಪಟ್ಟಿಯ ಮಾರ್ಜಿನ್ (ಹೊಲಿಗೆಯಿಂದ ತುದಿಯವರೆಗೆ ಬಿಡುವ ಬಟ್ಟೆ) ಎರಡು, ಅದರ ಮೇಲೆ ತಿರುಗಿ ಬರುವ ಪಟ್ಟಿ ಎರಡು, ಮುಂಭಾಗದಲ್ಲಿ ಕೂರುವುದು ಮತ್ತೆರಡು, ಒಟ್ಟು ಒಂಬತ್ತು. ಒಳಗೆ ಒಂದರ ಬದಲು ಮೂರು ಸೀರೆಗಳಿದ್ದರೆ ಹನ್ನೊಂದು. ತೇವ ಅಲ್ಲಿ ನಿಂತರೆ ಬೂಷ್ಟು ಹಿಡಿದು ದಾರವೂ ಬಟ್ಟೆಯೂ ಬೇಗ ಲಡ್ಡಾಗುತ್ತವೆ. ಹಾಗಾಗಿ ಮಳೆಸೀಮೆಯವರು ಅಂಚು ಗಟ್ಟಿಯಾಗಲಿ ಎಂದು ಪರದೆಯ ದಪ್ಪ ಬಟ್ಟೆಯನ್ನು ಆರಿಸಬಾರದು. ತೆಳುವಾದ, ಒತ್ತಾದ ನೇಯ್ಗೆಯ ಎರಡು ಪದರವೇ ಅಲ್ಲಿ ಹೆಚ್ಚು ಕಾಲ ಬಾಳುತ್ತದೆ.

ಈಗ ಪಟ್ಟಿಯ ಅಗಲ. ಎಲ್ಲರೂ ಎರಡೂವರೆ ಇಂಚು ಎಂದು ಬಾಯಿಪಾಠ ಹೇಳುತ್ತಾರೆ. ಆ ಲೆಕ್ಕ ಎಲ್ಲಿಂದ ಬಂತೆಂದು ತಿಳಿದುಕೊಂಡರೆ ಯಾವ ದಪ್ಪದ ಕೌದಿಗಾದರೂ ನೀವೇ ಅಳತೆ ಕಟ್ಟಬಹುದು. ಮಡಿಸಿದ ಪಟ್ಟಿ ನಾಲ್ಕು ಕಡೆ ಖರ್ಚಾಗುತ್ತದೆ. ಮೊದಲ ಹೊಲಿಗೆಯ ಮಾರ್ಜಿನ್ ಕಾಲು ಇಂಚು. ಹೊಲಿಗೆಯ ಗೆರೆಯಿಂದ ಕೌದಿಯ ತುದಿಯವರೆಗೆ ತಿರುಗಿ ಬರಲು ಮತ್ತೊಂದು ಕಾಲು ಇಂಚು. ತುದಿಯ ದಪ್ಪವನ್ನು ಹತ್ತಿ ಇಳಿಯಲು, ತೆಳು ಕೌದಿಗೆ ಅರೆಕಾಲು ಇಂಚು, ದಪ್ಪ ಕೌದಿಗೆ ಕಾಲು ಇಂಚು. ಕೊನೆಗೆ ಇನ್ನೊಂದು ಮುಖದಲ್ಲಿ ಮೊದಲ ಹೊಲಿಗೆಯ ನೇರಕ್ಕೆ ತಲುಪಲು ಕಾಲು ಇಂಚು, ಅದನ್ನು ದಾಟಿ ಮುಂದೆ ಹೋಗಲು ಅರೆಕಾಲು ಇಂಚು. ತೆಳು ಕೌದಿಗೆ ಇವೆಲ್ಲ ಕೂಡಿದರೆ ಒಂದು ಇಂಚು, ಎಂದರೆ ಮಡಿಸುವ ಮೊದಲು 2 ಇಂಚಿನ ಪಟ್ಟಿ. ದಪ್ಪ ಕೌದಿಗೆ 2¼ ಇಂಚು. ಮಡಿಕೆಗಳ ತಿರುವಿನಲ್ಲಿ ಒಂದಿಷ್ಟು ಬಟ್ಟೆ ಕರಗುವುದರಿಂದಲೂ, ಕಲಿಯುವವರ ಕೈ ಅತ್ತಿತ್ತ ಆಗುವುದರಿಂದಲೂ ಮೊದಮೊದಲು 2½ ಇಂಚು ಇಟ್ಟುಕೊಳ್ಳುವುದು ಕ್ಷೇಮ. ಆದರೆ ಅಂಚಿನ ಒಳಗೆ ಪೊಳ್ಳು ಉಳಿಯಬಾರದು. ಪಟ್ಟಿಯನ್ನು ಬೆರಳಿನಿಂದ ಒತ್ತಿದಾಗ ಒಳಗೆ ಕೌದಿಯ ತುದಿ ಸಿಗಬೇಕು. ಖಾಲಿ ಮಡಿಕೆ ಸಿಕ್ಕಿದರೆ ಅದೇ ಜಾಗ ಮೊದಲು ಸವೆಯುತ್ತದೆ.

ಉದ್ದದ ಲೆಕ್ಕ ಇಷ್ಟು ಕಷ್ಟವಿಲ್ಲ. 60 ಇಂಚು ಅಗಲ, 90 ಇಂಚು ಉದ್ದದ ಕೌದಿಯ ಸುತ್ತಳತೆ 300 ಇಂಚು. ಮೂಲೆಗಳಿಗೂ ಕೊನೆಯ ಜೋಡಣೆಗೂ 12 ಇಂಚು ಸೇರಿಸಿದರೆ 312. ಬಟ್ಟೆಯ ಪನ್ನ, ಎಂದರೆ ಅಗಲ, 44 ಇಂಚಿದ್ದರೆ, ನೇಯ್ಗೆಯ ಗಟ್ಟಿ ಅಂಚುಗಳನ್ನು ತೆಗೆದ ಮೇಲೆ ಒಂದು ಪಟ್ಟಿಗೆ ಸುಮಾರು 42 ಇಂಚು ಸಿಗುತ್ತದೆ. ಎಂಟು ಪಟ್ಟಿಗಳಿಗೆ 336. ಏಳು ಓರೆ ಜೋಡಣೆಗಳಲ್ಲಿ ಒಂದೊಂದಕ್ಕೆ ಸುಮಾರು ಎರಡೂವರೆ ಇಂಚು ಹೋದರೂ 318 ಇಂಚು ಉಳಿಯುತ್ತದೆ. ಎಂಟು ಪಟ್ಟಿಗೆ ಬೇಕಾದ ಬಟ್ಟೆ 20 ಇಂಚು. ಕುಗ್ಗುವುದನ್ನೂ ಸೇರಿಸಿ ಅಂಗಡಿಯಲ್ಲಿ ಮುಕ್ಕಾಲು ಮೀಟರ್ ಕೇಳಿದರೆ ಸಾಕು. ನೇರ ಅಂಚಿನ ಕೌದಿಗೆ ಪಟ್ಟಿಯನ್ನು ಎಳೆಯ ನೇರಕ್ಕೇ ಕತ್ತರಿಸಬಹುದು. ದುಂಡು ಮೂಲೆ ಅಥವಾ ಅಲೆ ಅಂಚು ಇದ್ದರೆ ಮಾತ್ರ ಬ್ಲೌಸಿನ ಕುತ್ತಿಗೆಗೆ ತೆಗೆಯುವಂತೆ ಎಳೆಗೆ ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ ಬೇಕೇ ಬೇಕು, ನೇರ ಪಟ್ಟಿ ತಿರುವಿನಲ್ಲಿ ಮಲಗುವುದಿಲ್ಲ. ಕ್ರಾಸ್ ಪಟ್ಟಿಗೆ ಇನ್ನೊಂದು ಗುಣವೂ ಇದೆ: ನೇರ ಪಟ್ಟಿಯಲ್ಲಿ ತುದಿಯ ಮಡಿಕೆ ಉದ್ದಕ್ಕೂ ಅವೇ ಒಂದೆರಡು ಎಳೆಗಳ ಮೇಲೆ ಸಾಗುವುದರಿಂದ ಆ ಎಳೆಗಳು ಸವೆದರೆ ಇಡೀ ಅಂಚು ಸೀಳುತ್ತದೆ, ಓರೆ ಪಟ್ಟಿಯಲ್ಲಿ ಎಳೆಗಳೆಲ್ಲ ಮಡಿಕೆಯನ್ನು ಅಡ್ಡ ಹಾಯುವುದರಿಂದ ಸವೆತ ಹಂಚಿಹೋಗುತ್ತದೆ. ಬಟ್ಟೆ ಹೆಚ್ಚು ಬೇಕಾಗುತ್ತದೆ ಎನ್ನುವುದೊಂದೇ ಅಡ್ಡಿ. ಮಗುವಿನ ಕೌದಿ ಚಿಕ್ಕದು, ದಿನವೂ ಒಗೆಯುವಂಥದು. ಅದಕ್ಕೆ ಕ್ರಾಸ್ ಪಟ್ಟಿ ಹಾಕಿ ಎಂದು ಧಾರಾಳವಾಗಿ ಹೇಳುತ್ತೇನೆ.

ಪಟ್ಟಿಗಳನ್ನು ಒಂದಕ್ಕೊಂದು ಸೇರಿಸುವಾಗ ಎರಡರ ಸೀದಾ ಮುಖಗಳನ್ನು ಎದುರುಬದುರಾಗಿ, ಮೂಲೆಯಾಕಾರದಲ್ಲಿ ಇಟ್ಟು, ಮೂಲೆಯಿಂದ ಮೂಲೆಗೆ ಓರೆಯಾಗಿ ಹೊಲಿಯಬೇಕು. ಕಾಲು ಇಂಚು ಉಳಿಸಿ ಹೆಚ್ಚಿನದನ್ನು ಕತ್ತರಿಸಿ, ಮಾರ್ಜಿನನ್ನು ಎರಡೂ ಕಡೆ ಬಿಡಿಸಿ ಇಸ್ತ್ರಿ ಮಾಡಬೇಕು. ನೇರವಾಗಿ ಜೋಡಿಸಿದರೆ ಮಾರ್ಜಿನ್ನುಗಳೆಲ್ಲ ಒಂದೇ ಕಡೆ ಗುಡ್ಡೆಯಾಗಿ ಅಂಚಿನಲ್ಲಿ ಗಂಟು ನಿಂತಂತೆ ಕಾಣುತ್ತದೆ. ಇಷ್ಟಾದ ಮೇಲೆ ಇಡೀ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಿಸಿ, ಎಳೆಯದೆ, ಇಸ್ತ್ರಿಯನ್ನು ಇಟ್ಟು ಎತ್ತಿ ಇಟ್ಟು ಎತ್ತಿ ಒತ್ತಿಕೊಳ್ಳಬೇಕು.

ಯಂತ್ರದ ಹತ್ತಿರ ಕೂರುವ ಮೊದಲು ಕೌದಿಯನ್ನು ಚೌಕಕ್ಕೆ ತರಬೇಕು. ಎದುರು ಮೂಲೆಗಳ ನಡುವಿನ ಎರಡು ಓರೆ ಅಳತೆಗಳು ಸಮನಾಗಿದ್ದರೆ ಕೌದಿ ಚೌಕಕ್ಕಿದೆ ಎಂದರ್ಥ. ಇಲ್ಲದಿದ್ದರೆ ಚಾಕ್ ಗೆರೆ ಎಳೆದು ಕತ್ತರಿಸಿ. ಆಮೇಲೆ ಸುತ್ತಲೂ ತುದಿಯಿಂದ ಅರೆಕಾಲು ಇಂಚು ಒಳಗೆ ದೊಡ್ಡ ಹೊಲಿಗೆಯ ಒಂದು ಸಾಲು ಹಾಕಿ ಪದರಗಳನ್ನು ಕಟ್ಟಿಹಾಕಬೇಕು. ಹಳೆಯ ಸೀರೆಗಳ ಕೌದಿಯಲ್ಲಿ ಇದನ್ನು ಬಿಡಲೇಬಾರದು. ಯಂತ್ರದ ಹಲ್ಲುಗಳು ಅಡಿಯ ಪದರವನ್ನು ಮುಂದಕ್ಕೆ ತಳ್ಳುತ್ತವೆ, ಮೇಲಿನ ಫುಟ್ ಮೇಲ್ಪದರವನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತದೆ. ನಡುವೆ ನಾಲ್ಕಾರು ಸಡಿಲ ಪದರಗಳಿದ್ದರೆ ಅರ್ಧ ಸುತ್ತು ಬರುವಷ್ಟರಲ್ಲಿ ಮೇಲಿನ ಬಟ್ಟೆ ಒಂದಿಂಚು ಹಿಂದೆ ಉಳಿದಿರುತ್ತದೆ. ಮೇಲೂ ಹಲ್ಲುಗಳಿರುವ ವಾಕಿಂಗ್ ಫುಟ್ ಸಿಕ್ಕಿದರೆ ಒಳ್ಳೆಯದು. ಇಲ್ಲದವರು ಫುಟ್ಟಿನ ಒತ್ತಡವನ್ನು ಸ್ವಲ್ಪ ಸಡಿಲಿಸಿ, ಪಟ್ಟಿಯನ್ನು ಮೊದಲೇ ಕಚ್ಚಾ ಹೊಲಿಗೆಯಿಂದ ಹಿಡಿಸಿಕೊಂಡರೆ ಅದೇ ಫಲ ಸಿಗುತ್ತದೆ. ಸೂಜಿ 16ನೇ ನಂಬರಿನದು, ಹೊಸದು; ಹೊಲಿಗೆ ಇಂಚಿಗೆ ಎಂಟರಿಂದ ಹತ್ತು. ಕೌದಿಯ ಭಾರ ಮೇಜಿನಿಂದ ಕೆಳಗೆ ಜೋತಾಡಲು ಬಿಡಬೇಡಿ, ಎಡಗಡೆ ಒಂದು ಸ್ಟೂಲೋ ಬೆಂಚೋ ಇಟ್ಟು ಅದರ ಮೇಲೆ ಹರಡಿಕೊಳ್ಳಿ. ಹೊಲಿಗೆ ಒಂದು ಉದ್ದ ಒಂದು ಗಿಡ್ಡ ಆಗುವುದಕ್ಕೆ ಯಂತ್ರವನ್ನು ದೂರುವವರ ಮನೆಯಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಹೀಗೆ ಜೋತುಬಿದ್ದ ಕೌದಿಯನ್ನೇ.

ಮೊದಲ ಸುತ್ತನ್ನು ಕೌದಿಯ ಅಡಿಮುಖದ ಮೇಲೆ ಹೊಲಿಯಬೇಕು. ಹೆಚ್ಚಿನವರು ತಲೆಕೆಳಗು ಮಾಡಿಕೊಳ್ಳುವುದು ಇಲ್ಲಿಯೇ. ಕೈಹೊಲಿಗೆಯಲ್ಲಿ ಪಟ್ಟಿಯನ್ನು ಮೇಲ್ಮುಖಕ್ಕೆ ಯಂತ್ರದಲ್ಲಿ ಸೇರಿಸಿ, ಹಿಂದಕ್ಕೆ ತಿರುಗಿಸಿ ಹೆಮ್ಮಿಂಗ್ ಮಾಡುತ್ತಾರೆ. ಕೈಸೂಜಿ ಹಿಡಿದವರಿಗೆ ಹಿಂಭಾಗ ಕಣ್ಣೆದುರೇ ಇರುತ್ತದೆ. ಯಂತ್ರದಲ್ಲಿ ಅಡಿಯಲ್ಲಿರುವುದು ಕಾಣುವುದಿಲ್ಲ. ಮೇಲಿನಿಂದ ಹೊಲಿಯುತ್ತಾ ಅಡಿಯ ಮಡಿಕೆ ಸಿಕ್ಕಿತೆಂದು ನಂಬಿದರೆ ಅಲ್ಲಲ್ಲಿ ತಪ್ಪಿಹೋಗಿರುವುದು ಆಮೇಲೆ ತಿಳಿಯುತ್ತದೆ. ಪಟ್ಟಿಯನ್ನು ಅಡಿಮುಖಕ್ಕೆ ಸೇರಿಸಿ ಮೇಲ್ಮುಖಕ್ಕೆ ತಿರುಗಿಸಿಕೊಂಡರೆ ಎರಡನೆಯ ಹೊಲಿಗೆಯ ಪ್ರತಿ ಇಂಚೂ ನಿಮ್ಮ ಕಣ್ಣಿನ ಕೆಳಗೇ ನಡೆಯುತ್ತದೆ.

ಅಡಿಮುಖವನ್ನು ಮೇಲೆ ಮಾಡಿ ಕೌದಿಯನ್ನು ಹರಡಿ, ಪಟ್ಟಿಯ ಎರಡು ಕಚ್ಚಾ ತುದಿಗಳು ಕೌದಿಯ ಕಚ್ಚಾ ತುದಿಗೆ ಸಮನಾಗುವಂತೆ ಇಡಿ. ಕಾಲ ಬದಿಯ ನಡುವಿನಿಂದ ಆರಂಭಿಸಿ, ಹತ್ತು ಇಂಚು ಪಟ್ಟಿಯನ್ನು ಬಾಲವಾಗಿ ಬಿಡಿ. ಹೊಲಿಯುವ ಮೊದಲು ಪಟ್ಟಿಯನ್ನು ಸುತ್ತಲೂ ಒಮ್ಮೆ ಸುಮ್ಮನೆ ಹಾಸಿ, ಓರೆ ಜೋಡಣೆ ಯಾವುದೂ ಮೂಲೆಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಬಿದ್ದರೆ ಆರಂಭದ ಜಾಗವನ್ನು ಒಂದು ಗೇಣು ಸರಿಸಿದರಾಯಿತು. ಹೊಲಿಯುವಾಗ ಪಟ್ಟಿಯನ್ನು ಎಳೆದು ಹಿಡಿದರೆ ಕೌದಿ ನೆರಿಗೆಯಾಗುತ್ತದೆ, ಕೌದಿಯನ್ನು ಎಳೆದರೆ ಅಂಚು ಅಲೆಯಾಗುತ್ತದೆ. ಎರಡನ್ನೂ ತಮ್ಮ ಪಾಡಿಗೆ ಬಿಟ್ಟು ನೇರ ಕೊಡುವುದಷ್ಟೇ ಕೈಯ ಕೆಲಸ.

ಮೂಲೆಗೆ ಕಾಲು ಇಂಚು ಇರುವಂತೆ ನಿಲ್ಲಿಸಿ, ಎರಡು ಹೊಲಿಗೆ ಹಿಂದಕ್ಕೆ ಹಾಕಿ ದಾರ ಕತ್ತರಿಸಿ. ಆ ಕಾಲು ಇಂಚನ್ನು ಚಾಕಿನಲ್ಲಿ ಮೊದಲೇ ಗುರುತಿಸಿಕೊಂಡಿರಿ, ಅಂದಾಜಿಗೆ ಬಿಡಬೇಡಿ. ಕೌದಿಯನ್ನು ತಿರುಗಿಸಿ ಮುಂದಿನ ಬದಿಯನ್ನು ನಿಮ್ಮ ಎದುರಿಗೆ ತಂದುಕೊಳ್ಳಿ. ಪಟ್ಟಿಯನ್ನು ಮೇಲಕ್ಕೆ, ಕೌದಿಯಿಂದ ಆಚೆಗೆ ಮಡಿಸಿ. ಅದು ಮುಂದಿನ ಬದಿಯ ನೇರಕ್ಕೇ ನಿಂತು, ಮೂಲೆಯಲ್ಲಿ ಓರೆಯಾದ ಮಡಿಕೆ ಕಾಣಬೇಕು. ಆ ಓರೆ ಮಡಿಕೆಯನ್ನು ಬೆರಳಿನಲ್ಲಿ ಒತ್ತಿ ಹಿಡಿದುಕೊಂಡೇ ಪಟ್ಟಿಯನ್ನು ಮತ್ತೆ ಕೆಳಕ್ಕೆ, ಮುಂದಿನ ಬದಿಯ ಉದ್ದಕ್ಕೆ ತನ್ನಿ. ಈ ಎರಡನೆಯ ಮಡಿಕೆ ಈಗಷ್ಟೇ ಹೊಲಿದ ಬದಿಯ ತುದಿಗೆ ಸರಿಸಮನಾಗಿ ಕೂರಬೇಕು. ಅಲ್ಲಿಂದ, ತುದಿಯಿಂದಲೇ, ಹೊಲಿಗೆ ಮುಂದುವರಿಸಿ. ಎರಡನೆಯ ಮಡಿಕೆ ಒಳಗೆ ಜಾರಿದರೆ ಮೂಲೆ ಮೊಂಡಾಗುತ್ತದೆ, ಹೊರಗೆ ಚಾಚಿದರೆ ಕಿವಿಯಂತೆ ಎದ್ದು ನಿಲ್ಲುತ್ತದೆ. ಹಳೆಯ ಬಟ್ಟೆಯ ಚೌಕವೊಂದರ ಮೇಲೆ ನಾಲ್ಕು ಮೂಲೆಗಳನ್ನೂ ಅಭ್ಯಾಸ ಮಾಡದೆ ಯಾರೂ ಕೌದಿಗೆ ಕೈಹಾಕದಿರುವುದು ಒಳ್ಳೆಯದು.

ಕೊನೆಯಲ್ಲಿ ಎರಡು ಬಾಲಗಳು ಎದುರಾಗುವಾಗ ಹತ್ತು ಹನ್ನೆರಡು ಇಂಚು ಹೊಲಿಯದೆ ಉಳಿಸಿಕೊಂಡು, ಒಂದು ಬಾಲ ಇನ್ನೊಂದರ ಮೇಲೆ ಪಟ್ಟಿಯ ಬಿಚ್ಚಿದ ಅಗಲದಷ್ಟು, ಎಂದರೆ 2½ ಇಂಚಿನ ಪಟ್ಟಿಗೆ ಸರಿಯಾಗಿ 2½ ಇಂಚು ಹತ್ತುವಂತೆ ಕತ್ತರಿಸಿ. ಎರಡೂ ತುದಿಗಳನ್ನು ಬಿಚ್ಚಿ, ಮೊದಲಿನಂತೆಯೇ ಓರೆಯಾಗಿ ಜೋಡಿಸಿದರೆ ಪಟ್ಟಿ ಉಳಿದ ಜಾಗಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಕೂರುತ್ತದೆ.

ಎರಡನೆಯ ಸುತ್ತಿಗೆ ಕೌದಿಯ ಮೇಲ್ಮುಖವನ್ನು ಮೇಲೆ ಮಾಡಿ, ಪಟ್ಟಿಯನ್ನು ತುದಿ ದಾಟಿಸಿ ಎಳೆದು ತನ್ನಿ. ಅದರ ಮಡಿಕೆ ಮೊದಲ ಹೊಲಿಗೆಯ ಗೆರೆಯನ್ನು ಅರೆಕಾಲು ಇಂಚು ದಾಟಿ ಮುಚ್ಚಬೇಕು. ಕ್ಲಿಪ್ಪುಗಳಿಂದಲೋ ಕಚ್ಚಾ ಹೊಲಿಗೆಯಿಂದಲೋ ಹಿಡಿಸಿ, ಮಡಿಕೆಯ ತುದಿಗೆ ತೀರ ಹತ್ತಿರ, ಅರೆಕಾಲಿಂಚಿನ ಅರ್ಧದಷ್ಟು ಒಳಗೆ ಹೊಲಿಗೆ ಹಾಕಿ. ಈ ಹೊಲಿಗೆ ಅಡಿಮುಖದಲ್ಲಿ ಎಲ್ಲಿ ಕಾಣುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ: ಮೊದಲ ಹೊಲಿಗೆಗಿಂತ ಒಂದು ಕೂದಲಷ್ಟು ಒಳಗೆ, ಎಂದರೆ ಪಟ್ಟಿಯ ಮೇಲಲ್ಲ, ಅದರ ಪಕ್ಕದಲ್ಲಿ, ಅಡಿಬಟ್ಟೆಯ ಮೇಲೆ. ಆದ್ದರಿಂದ ಮೇಲಿನ ದಾರ ಪಟ್ಟಿಯ ಬಣ್ಣದ್ದು, ಬಾಬಿನ್ನಿನ, ಎಂದರೆ ಅಡಿಯಿಂದ ಬರುವ, ದಾರ ಅಡಿಬಟ್ಟೆಯ ಬಣ್ಣದ್ದು ಆಗಿರಬೇಕು. ಈ ಒಂದು ಎಚ್ಚರದಿಂದ ಯಂತ್ರದ ಅಂಚು ಒರಟು ಎಂಬ ಆಕ್ಷೇಪದ ಮುಕ್ಕಾಲು ಪಾಲು ಇಲ್ಲವಾಗುತ್ತದೆ. ಮೂಲೆ ಬಂದಾಗ ಮೇಲ್ಮುಖದ ಮಡಿಕೆಯನ್ನು ಅಡಿಮುಖದ ಮಡಿಕೆ ಮಲಗಿರುವ ದಿಕ್ಕಿಗೆ ವಿರುದ್ಧವಾಗಿ ಮಲಗಿಸಿ, ಆಗ ದಪ್ಪ ಒಂದೇ ಕಡೆ ಸೇರುವುದಿಲ್ಲ. ಅಲ್ಲಿ ಕಾಲು ತುಳಿಯುವುದನ್ನು ನಿಲ್ಲಿಸಿ ಚಕ್ರವನ್ನು ಕೈಯಲ್ಲೇ ತಿರುಗಿಸಿ, ಸೂಜಿಯನ್ನು ಬಟ್ಟೆಯೊಳಗೇ ಇಳಿಸಿಟ್ಟು ಕೌದಿಯನ್ನು ತಿರುಗಿಸಿ ಮುಂದೆ ಸಾಗಿ.

ಮಾತಿನ ನಡುವೆ ಹಿರಿಯರೊಬ್ಬರು ಕೇಳಿದರು: ಕೈಯಲ್ಲೇ ಹೊಲಿದ ಕೌದಿಗೆ ಅಂಚು ಮಾತ್ರ ಯಂತ್ರದಲ್ಲಿ ಹಾಕುವುದು ಆ ಕೈಕೆಲಸಕ್ಕೆ ಅಗೌರವವಲ್ಲವೇ ಎಂದು. ಅಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆ. ನಮ್ಮದೇ ರಾಜ್ಯದ ಉತ್ತರ ಕನ್ನಡದಲ್ಲಿ, ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನವರೆಗೆ ಕೈಯಲ್ಲೇ ಹೊಲಿಯುತ್ತಾರೆ. ನಾಲ್ಕು ಮೂಲೆಗಳಿಗೂ ಬಟ್ಟೆ ಮಡಿಸಿ ಮಾಡಿದ ಹೂವನ್ನು ಕೂರಿಸುತ್ತಾರೆ. ಅಂಥ ಕೌದಿಯ ಅಂಚೇ ಅದರ ಆರಂಭ, ಅಲ್ಲಿ ಯಂತ್ರಕ್ಕೆ ಕೆಲಸವಿಲ್ಲ. ಇನ್ನೊಂದು ಕಡೆ ಅಮೆರಿಕದ ಕೌದಿಗಳನ್ನು ನೋಡಿ. 1846ರಲ್ಲಿ ಇಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ ನಂತರದ ದಶಕಗಳಲ್ಲಿ, ಒಳಗಿನ ಹೊಲಿಗೆಯೆಲ್ಲ ಕೈಯದಾಗಿದ್ದು ಅಂಚುಪಟ್ಟಿ ಮಾತ್ರ ಯಂತ್ರದ್ದಾಗಿರುವ ಕೌದಿಗಳು ಅಲ್ಲಿ ಸಾಕಷ್ಟು ಕಾಣಸಿಗುತ್ತವೆ. ಹಾಗೆ ಮಾಡಿದವರು ಕೈಕೆಲಸವನ್ನು ಕೀಳಾಗಿ ಕಂಡವರಲ್ಲ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರವೂ ಬಾಬಿನ್ನಿನ ದಾರವೂ ಬಟ್ಟೆಯ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದರಿಂದ ಒಂದೆಡೆ ದಾರ ಕಡಿದರೂ ಉಳಿದ ಸಾಲು ಸುಲಭವಾಗಿ ಕಳಚುವುದಿಲ್ಲ, ಹೆಚ್ಚು ಎಳೆತ ಬೀಳುವ ಜಾಗಕ್ಕೆ ಆ ಬಲ ಬೇಕು. ಮದುವೆಗೆ ಕೊಡುವ, ಪೆಟ್ಟಿಗೆಯಲ್ಲಿಟ್ಟು ಕಾಪಾಡುವ ಕೌದಿಗೆ ಕೈಹೆಮ್ಮಿಂಗ್ ಮಾಡಿ. ಹಾಸ್ಟೆಲ್ಲಿಗೆ ಹೋಗುವ ಮಗನ ಕೌದಿಗೆ, ಎಳೆಯ ಮಗುವಿನ ಕೌದಿಗೆ, ಹಾಸಿಗೆ ಹಿಡಿದಿರುವ ಹಿರಿಯರ ಕೌದಿಗೆ ಯಂತ್ರದ ಅಂಚೇ ಇರಲಿ.

ಹಳೆಯ ಕೌದಿಯ ಪಟ್ಟಿ ಹರಿದಿದ್ದರೆ ಅದನ್ನು ಪೂರ್ತಿ ಬಿಚ್ಚಲೇಬೇಕೆಂದಿಲ್ಲ. ತುದಿಯ ಮಡಿಕೆ ಮಾತ್ರ ಸವೆದು, ಹೊಲಿಗೆಗಳು ಗಟ್ಟಿಯಾಗಿದ್ದರೆ, ಹಳೆಯದರ ಮೇಲೆಯೇ ಹೊಸ ಪಟ್ಟಿ ಹಾಕಬಹುದು. ಆಗ ತುದಿಯ ದಪ್ಪ ಹೆಚ್ಚಾಗಿರುತ್ತದೆ, ಮೊದಲ ಹೊಲಿಗೆಯನ್ನೂ ಹಳೆಯ ಪಟ್ಟಿಯ ಆಚೆಗೆ, ಅರ್ಧ ಇಂಚಿನಷ್ಟು ಒಳಗೆ ಹಾಕಬೇಕಾಗುತ್ತದೆ. ಈ ಹೊತ್ತು ಹೇಳಿದ ಲೆಕ್ಕದಲ್ಲೇ ಕೂಡಿದರೆ ಮಡಿಸಿದ ಪಟ್ಟಿ ಸುಮಾರು ಎರಡು ಇಂಚು, ಬಿಚ್ಚಿದಾಗ ನಾಲ್ಕು ಇಂಚು ಬರುತ್ತದೆ. ಹೊಲಿಗೆಗಳೂ ಸಡಿಲವಾಗಿದ್ದರೆ ಮಾತ್ರ ಹಳೆಯ ಪಟ್ಟಿಯನ್ನು ಬಿಚ್ಚಿ, ಕೌದಿಯ ತುದಿಯಲ್ಲಿ ಎಳೆ ಬಿಟ್ಟ ಭಾಗವನ್ನು ಕಾಲು ಇಂಚು ಕತ್ತರಿಸಿ ತೆಗೆದು, ಸುತ್ತಲೂ ಹಿಡಿತದ ಹೊಲಿಗೆ ಹಾಕಿಕೊಂಡು ಮೊದಲಿನಿಂದ ಆರಂಭಿಸಿ.